ಅಣ್ಣನ ಪರವಾಗಿ ಹುಲಿಗೆಮ್ಮ

ಪಾರ್ಶ್ವವಾಯುವಿನಿಂದ ಮಾತು ನಿಂತುಹೋದ ಅಣ್ಣ ಓಬಯ್ಯನವರ ಪರವಾಗಿ ಜನ್ನಾಪುರದ ಹುಲಿಗೆಮ್ಮನೇ ಎಲ್ಲದಕ್ಕೂ ಉತ್ತರ ಕೊಡುತ್ತಾರೆ. ಯಾರಾದರೂ ಓಬಯ್ಯನವರಿಗೆ ಕಾಫಿ ಕೊಡಹೋದರೆ, "ಅಣ್ಣಂಗೆ ಟೀನೇ ಆಗ್ಬೇಕು" ಎನ್ನುತ್ತಾರೆ. ಓಬಯ್ಯನವರು ಬೇಡವೆಂಬಂತೆ ತಲೆ ಅಲ್ಲಾಡಿಸಿದರೆ, "ನೊಣ ಕೂತಿರ್ಬೇಕು" ಎಂದು ಸೆರಗು ಬೀಸುತ್ತಾರೆ. "ಅಣ್ಣಂಗೆ ಭಜನೆ ಅಂದ್ರೆ ಪ್ರಾಣ ಮಾರಾಯ" ಎಂದು ವರ್ಷಗಳಿಂದ ಟಿವಿಯಲ್ಲಿ ದಿನವಿಡೀ ಅದನ್ನೇ ಹಾಕುತ್ತಿದ್ದರು. ಮೊನ್ನೆ ಪಕ್ಕದ ಮನೆಯ ನಾನು ಅವರ ಟಿವಿಗೆ ಇಂಟರ್‌ನೆಟ್ ಜೋಡಿಸಿ, ಭಜನೆ, ಸಿನಿಮಾ, ಕಬಡ್ಡಿಗೆ ಒಂದೊಂದು ದೊಡ್ಡ ಗುಂಡಿಯಿರುವ ರಿಮೋಟ್ ಹೊಂದಿಸಿ, ಓಬಯ್ಯನವರ ಸ್ವಾಧೀನವಿದ್ದ ಎಡಗೈಗೆ ಸಿಗುವಂತಿಟ್ಟೆ. ಅವರು ತಕ್ಷಣ ಕಬಡ್ಡಿ ಒತ್ತಿದರು. "ಕೈ ತಾಗ್ತು ಅಷ್ಟೇ" ಎಂದು ಹುಲಿಗೆಮ್ಮ ಮತ್ತೆ ಭಜನೆ ಹಾಕಿದರು. ಓಬಯ್ಯನವರು ಇನ್ನೂ ಜೋರಾಗಿ ಕಬಡ್ಡಿ ಒತ್ತಿದರು. ಹುಲಿಗೆಮ್ಮ ಮಂಚದ ಪಕ್ಕ ಕುಸಿದು ಕೂತು, "ಅಣ್ಣಾ, ಇಷ್ಟು ವರ್ಷ ಇನ್ನೇನೇನು ತಪ್ಪು ಹೇಳ್ಬಿಟ್ಟೆ ನಾನು?" ಎಂದು ಕೇಳಿ, ಉತ್ತರಕ್ಕೆ ಕಾದರು.