ಹೆಂಡತಿ ತವರಿಗೆ ಹೋದಾಗ ಮಾರಾಟಕ್ಕೆ ಬಂದ ಗಾಡಿ

ಆ ಗಾಡಿ ಕದ್ದದ್ದಲ್ಲ. ಕಾಗದಪತ್ರ ಖೋಟಾ ಅಲ್ಲ. ಎಂಜಿನ್ನಿನಲ್ಲಿ ದೋಷವೂ ಇರಲಿಲ್ಲ. ಗಂಡನೊಬ್ಬ ಹೆಂಡತಿಯ ನೌಕರಿ ಬಿಡಿಸುವ ಸಲುವಾಗಿ ಅವಳ ಗಾಡಿ ಮಾರಲು ಬಂದಿದ್ದ. ಉಳಿದದ್ದೆಲ್ಲ ಅವನು ಕಟ್ಟಿದ ಕಥೆ.

ಇದು ಎರಡು ವರ್ಷದ ಹಿಂದಿನ ಬೇಸಿಗೆಯ ಮಾತು. ಅಫಜಲಪುರದಲ್ಲಿ ಘತ್ತರಗಿ ರಸ್ತೆಗೆ ನನ್ನದು ಹಳೇ ಮೋಟಾರ್‌ಸೈಕಲ್ ಮಾರುವ ಅಂಗಡಿ. ನನ್ನ ಗಂಡ ಎತ್ತಿನ ದಲಾಲ. ಅವನು ತೀರಿಕೊಂಡ, ಎತ್ತಿನ ಬಜಾರವೂ ಸೊರಗಿತು, ನಾನು ಗಾಡಿ ದಲಾಲಿಗೆ ಇಳಿದೆ. ಎತ್ತಿನ ವ್ಯಾಪಾರದ ಒಂದು ರೂಢಿಯನ್ನು ಮಾತ್ರ ಬಿಡಲಿಲ್ಲ. ಎತ್ತು ಹೂಡುತ್ತಿದ್ದವನೇ ಬಂದು, ನಾಲ್ಕು ಹೆಜ್ಜೆ ಹೊಡೆದು ತೋರಿಸಿ, ಹಗ್ಗ ಕೈಗೆ ಕೊಡಬೇಕು. ಬೇರೆಯವನು ತಂದ ಎತ್ತಿಗೆ ನನ್ನ ಗಂಡ ಕೈ ಹಚ್ಚುತ್ತಿರಲಿಲ್ಲ. ನನ್ನ ಅಂಗಡಿಯಲ್ಲೂ ಹಾಗೆಯೇ. ಗಾಡಿಯನ್ನು ಓಡಿಸಿದವರೇ ಓಡಿಸಿಕೊಂಡು ಬರಬೇಕು.

ಆ ದಿನ ಗಾಡಿ ಬಂದದ್ದು ಟೆಂಪೋದಲ್ಲಿ, ಹಗ್ಗ ಬಿಗಿದುಕೊಂಡು. ನನಗೆ ಅಲ್ಲಿಯೇ ಸಂಶಯ ಬಂತು. ನಡೆಯುವ ಎತ್ತನ್ನು ಯಾರಾದರೂ ಹೊತ್ತು ತರುತ್ತಾರೆಯೇ?

ತಂದವನ ಹೆಸರು ಶರಣು, ಆಳಂದದವನು. ಮೂವತ್ತರ ಆಸುಪಾಸು, ಆರಡಿ ಎತ್ತರ, ಇಸ್ತ್ರಿ ಮುರಿಯದ ಅಂಗಿ. ಗಾಡಿ ದೊಡ್ಡದು. ಸ್ಪೋರ್ಟ್ ಟೂರಿಂಗ್ ಎನ್ನುತ್ತಾರೆ. ಅಂದರೆ ಎಂಜಿನ್ನು ಓಟದ ಗಾಡಿಯದು, ಸೀಟು ದೂರದ ದಾರಿಗೆ ಹದವಾದದ್ದು, ಗಾಳಿ ತಡೆಯಲು ಮುಂದೆ ಗಾಜು, ಸಾಮಾನಿಗೆ ಎರಡೂ ಬದಿ ಪೆಟ್ಟಿಗೆ. ಅರವತ್ತು ಸಾವಿರ ಕಿಲೋಮೀಟರ್ ಓಡಿತ್ತು. ದುಡಿದ ಗಾಡಿ.

“ಆಳಂದದಾಗ ದಲಾಲರು ಸತ್ತಾರೇನ್ರಿ, ಇಲ್ಲಿತನಕ ಬಂದೀರಿ?” ಎಂದೆ.

“ಇಲ್ಲಿ ರೇಟ್ ಚಲೋ ಬರ್ತದಂತ ಕೇಳೀನಿ, ಆಯಿ.”

“ಯಾರ ಹೇಳ್ಯಾರ?”

“ಹಿಂಗೇ… ಮಂದಿ.”

ಹೆಸರಿಲ್ಲದ ಮಂದಿಯ ಮಾತನ್ನು ನಾನು ನಂಬುವುದಿಲ್ಲ. ನನ್ನ ಮೆಕ್ಯಾನಿಕ್ ಮೌಲಾನನ್ನು ಕರೆದೆ. ಅವನು ಆರ್.ಸಿ. ನೋಡಿದ, ಚಾಸಿ ನಂಬರು ಉಜ್ಜಿ ನೋಡಿದ. ಎರಡೂ ಹೊಂದಿದವು. ಮಾಲೀಕನ ಹೆಸರೂ ಶರಣುವಿನದೇ. ನನ್ನ ಸಂಶಯ ಇನ್ನೂ ಹೆಚ್ಚಾಯಿತು. ಕಾಗದ ಸರಿ ಇದ್ದವನು ನನ್ನ ಕಣ್ಣು ತಪ್ಪಿಸಿ ರಸ್ತೆಯ ಕಡೆಗೇ ಯಾಕೆ ನೋಡುತ್ತಿದ್ದಾನೆ?

“ಒಂದ ಸುತ್ತ ಹೊಡದ ತೋರಸ್ರಿ.”

“ಸೊಂಟ ಹಿಡದದ, ಆಯಿ.”

“ಹೊಡೀಬ್ಯಾಡ್ರಿ. ಸುಮ್ನ ಏರಿ ಕುಂಡ್ರಿ.”

ಕೂತ. ಮೊಣಕಾಲು ಹ್ಯಾಂಡಲ್ಲಿಗೆ ಬಡಿದವು.

“ಭಾಯಿ, ಗಾಡಿ ಮ್ಯಾಲ ಕುಂತೀರೋ, ತೊಟ್ಟಲದಾಗ ಕುಂತೀರೋ?” ಎಂದು ಮೌಲಾ ನಕ್ಕ. ಆಮೇಲೆ ಗಾಡಿಯ ಕೆಳಗೆ ಮಲಗಿ ಒಂದೊಂದೇ ಹೇಳುತ್ತ ಹೋದ. ಸೀಟಿನ ಸ್ಪಂಜು ಕೊಯ್ದು ತೆಳುವಾಗಿಸಿದ್ದಾರೆ. ಹಿಂದಿನ ಭಾಗವನ್ನು ತಗ್ಗಿಸಿದ್ದಾರೆ. ಹ್ಯಾಂಡಲ್ ಹತ್ತಿರಕ್ಕೆ ಎಳೆದಿದ್ದಾರೆ. ಕ್ಲಚ್ ಸಣ್ಣ ಕೈಗೆ ಸಿಗುವಂತೆ ಇದೆ. ಗಾಡಿ ತಗ್ಗಿಸಿದರೆ ಸೈಡ್ ಸ್ಟ್ಯಾಂಡನ್ನೂ ಕೊಯ್ದು ಗಿಡ್ಡ ಮಾಡಬೇಕು, ಇಲ್ಲವಾದರೆ ಗಾಡಿ ವಾಲದೆ ನೆಟ್ಟಗೆ ನಿಂತು ಆಚೆ ಬೀಳುತ್ತದೆ. ಅದನ್ನೂ ಮಾಡಿಸಿದ್ದಾರೆ.

ಹಿಂದಿನ ಗಾಲಿಯ ಎಡಬದಿಗೆ ಬೋಲ್ಟ್ ಬಿಚ್ಚಿದ ಗುರುತುಗಳಿದ್ದವು. ಅಷ್ಟು ಜಾಗದಲ್ಲಿ ಮಾತ್ರ ಧೂಳಿರಲಿಲ್ಲ.

“ಇಲ್ಲೇನಿತ್ತು?” ಎಂದೆ.

“ಸಾರಿ ಗಾರ್ಡ್, ಆಯಿ. ಹೆಂಡ್ತಿ ಹಿಂದ ಕುಂಡ್ರತಿದ್ಲು. ಸೆರಗ ಸಿಗಬಾರ್ದಂತ ಹಾಕ್ಸಿದ್ದೆ.”

ನಾನು ಗಾಡಿಯ ಬಲಗಡೆಗೆ ಹೋದೆ. ಅಲ್ಲಿಯೂ ಅದೇ ಗುರುತು. ನಮ್ಮ ಕಡೆ ಸೀರೆಯುಟ್ಟು ಹಿಂದೆ ಕೂರುವವರು ಎರಡೂ ಕಾಲು ಎಡಕ್ಕೆ ಇಳಿಬಿಟ್ಟು ಕೂರುತ್ತಾರೆ. ಅವರಿಗೆ ಎಡಗಡೆ ಆ ಗಾರ್ಡಿನ ಜಾಳಿಗೆ ಇದ್ದರೆ ಸಾಕು. ಎರಡೂ ಕಡೆ ಬೇಕಾಗುವುದು ಕಾಲು ಅಗಲಿಸಿ ಮುಂದೆ ಕೂತು, ಓಢಣಿ ಹಾರಿಸಿಕೊಂಡು ಗಾಡಿ ಓಡಿಸುವವಳಿಗೆ.

“ಗಾಡಿ ಹೊಡಿಯಾಕಿ ಎಲ್ಲಿದ್ದಾಳ?”

ಅವನು ಮತ್ತೆ ರಸ್ತೆಯ ಕಡೆಗೆ ನೋಡಿದ.

“ಏನ್ಲೇ, ಕೇಳಾಕತ್ತೀನಿ. ಜೀವಂತ ಅದಾಳೋ ಇಲ್ಲೋ?”

“ಅಯ್ಯೋ ಆಯಿ, ಹಂಗ ಅನಬ್ಯಾಡ್ರಿ! ಯಡ್ರಾಮಿಗಿ ತವರಿಗಿ ಹೋಗ್ಯಾಳ. ಚೊಚ್ಚಲ ಹೆರಿಗಿ.”

ಹೆಂಡತಿಯ ಹೆಸರು ಜ್ಯೋತಿ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಆಳಂದದಿಂದ ಮಾದನಹಿಪ್ಪರಗಾದ ತನಕ ಬಸ್ಸಿದೆ, ಅಲ್ಲಿಂದ ಮುಂದೆ ಅವಳ ಶಾಲೆಯ ಊರಿಗೆ ಹೊತ್ತಿಗೆ ಸರಿಯಾಗಿ ಏನೂ ಇಲ್ಲ. ಗಾಡಿ ಅವಳ ಪಗಾರದ್ದು, ಹೆಸರು ಮಾತ್ರ ಗಂಡನದು. ಮಗು ಹುಟ್ಟಿದ ಮೇಲೆ ಅವಳು ಮನೆಯಲ್ಲಿರಲಿ ಎಂದು ಇವನ ಆಸೆ.

“ನಾ ಬಿಡು ಅಂದ್ರ ನೌಕರಿ ಬಿಡಾಂಗಿಲ್ಲ, ಆಯಿ. ಗಾಡಿ ಇಲ್ಲಂದ್ರ ತಾನೇ ಬಿಡ್ತಾಳ” ಎಂದ. “ಬಿದ್ದು ಗಿದ್ದು ಮಾಡಿಕೊಂಡ್ರ ಕೂಸಿನ ಗತಿ ಏನ್ರಿ?”

ಅಂಜಿಕೆ ಸುಳ್ಳಿರಲಿಕ್ಕಿಲ್ಲ. ಆದರೆ ಅಂಜಿದವನು ಹೆಂಡತಿಗೆ ಹೇಳುತ್ತಾನೆ, ಜಾಳಿಗೆ ಬಿಚ್ಚಿಟ್ಟು ಟೆಂಪೋ ಹತ್ತುವುದಿಲ್ಲ.

“ಫೋನ್ ಹಚ್ಚು” ಎಂದೆ. ಹಚ್ಚಿದ. ಗಂಡ ಹೇಳಿದ್ದನ್ನೇ ನಂಬದವಳು ಹೆಂಡತಿ ಹೇಳಿದ್ದನ್ನು ಯಾಕೆ ನಂಬಲಿ? ಗಾಡಿ ಮಾರಾಟಕ್ಕೆ ಬಂದಿದೆ ಎಂದು ತಿಳಿಸಿ, ಅವಳನ್ನೂ ಪರೀಕ್ಷೆ ಮಾಡಿದೆ.

“ಸೈಡ್ ಸ್ಟ್ಯಾಂಡ್ ಎಷ್ಟ ಕೊಯ್ಸೀದಿ ಬೇ?”

ಆ ಕಡೆಯಿಂದ ಉತ್ತರ ಸ್ಪಷ್ಟವಾಗಿ ಬಂತು: “ಎರಡ ಸಲ ಕೊಯ್ಸೀನ್ರಿ. ಮೊದಲನೇ ಸಲ ಕಮ್ಮಿ ಆಗಿತ್ತು. ಸಾಲಿ ಮುಂದ ನಿಲ್ಲಿಸಿದ್ದೆ, ಬಲಕ್ಕ ಬಿತ್ತು. ಹುಡುಗರೆಲ್ಲಾ ನಕ್ರು.”

ಮೌಲಾ ಬಗ್ಗಿ ಸ್ಟ್ಯಾಂಡಿನ ಮೇಲೆ ಬೆರಳಾಡಿಸಿದ. ಬೆಸುಗೆ ಎರಡಿದ್ದವು.

“ಸ್ಕೂಟಿ ತಗೋಬಾರದಿತ್ತೇನು?”

“ಸ್ಕೂಟಿ ಮ್ಯಾಲ ಹೋದ್ರ ಲಾರಿಯವರು ಹಾರ್ನ್ ಹೊಡದು ಬದಿಗಿ ಸರಸ್ತಾರ, ಆಯಿ. ಇದರ ಮ್ಯಾಲ ಹೋದ್ರ ದಾರಿ ಬಿಡ್ತಾರ.” ಮತ್ತೆ ದನಿ ಗಟ್ಟಿಯಾಯಿತು. “ಅವರು ಅಲ್ಲೇ ಅದಾರೇನ್ರಿ? ಗಾಡಿ ನನ್ನ ಕಣ್ಣ ಮುಂದ ತಂದು ನಿಲ್ಲಸಲಿ. ಮಾರೂದಿದ್ರ ನನ್ನ ಮುಖ ನೋಡಿ ಮಾರಲಿ.”

ಶರಣು ಫೋನಿಗೆ ಕೈ ಚಾಚಲಿಲ್ಲ. ಅಂಥದ್ದೇ ದೊಡ್ಡ ಗಾಡಿ ಕೇಳಿ ಜೇವರ್ಗಿಯ ಗುತ್ತಿಗೆದಾರನೊಬ್ಬ ಮರುದಿನ ಬರುವವನಿದ್ದ. ಅವನಿಗೆ ಫೋನ್ ಮಾಡಿ, ಬರಬೇಡ ಎಂದು ಶರಣುವಿನ ಎದುರಿಗೇ ಹೇಳಿದೆ. ನಮ್ಮ ದಂಧೆಯಲ್ಲಿ ಒಬ್ಬ ದಲಾಲ ಕಾರಣ ಹೇಳಿ ಬಿಟ್ಟ ಮಾಲನ್ನು ಇನ್ನೊಬ್ಬ ಮುಟ್ಟುವುದಿಲ್ಲ.

“ಆಳಂದ, ಅಫಜಲಪುರ, ಜೇವರ್ಗಿ, ಮೂರೂ ಕಡಿ ನಾನೇ ಹೇಳ್ತೇನಿ. ಇನ್ನ ತೂಕಕ್ಕ ಹಾಕಿ ಗುಜರಿಗಿ ಮಾರು, ನಿನ್ನ ಹೆಸರಿಲೇ ಅದಲ್ಲ” ಎಂದೆ.

ಈ ದಂಧೆ ನನಗೆ ಕಲಿಸಿದ್ದು ಇಷ್ಟು. ಕಾಗದ ಯಾರ ಹೆಸರಿಗಿದೆ ಎಂದು ಕೇಳಿದರೆ ಸರಕಾರದ ಕೆಲಸ ಮುಗಿಯುತ್ತದೆ, ದಲಾಲರ ಕೆಲಸ ಮುಗಿಯುವುದಿಲ್ಲ. ಗಾಡಿ ಯಾರ ಮೈಗೆ ಹೊಂದಿದೆ ಎಂದು ನೋಡಬೇಕು. ಹೊಂದದವನು ಮಾರಲು ಬಂದರೆ, ಹೊಂದುವವರು ಎಲ್ಲಿದ್ದಾರೆಂದು ಹುಡುಕಬೇಕು. ಸಿಗುವ ತನಕ ಯಾರನ್ನೂ ನಂಬಬಾರದು.

ಮಾರುವ ದಾರಿ ಮುಚ್ಚಿದ್ದರಿಂದ ಗಾಡಿಯನ್ನು ನನ್ನ ಅಂಗಡಿಯಲ್ಲೇ ಬಿಟ್ಟು ಊರಿಗೆ ಹೋದ ಶರಣು, ಮರುದಿನ ಬೆಳಿಗ್ಗೆ ಜಾಳಿಗೆಗಳನ್ನು ಚೀಲದಲ್ಲಿ ಹಾಕಿಕೊಂಡು ಬಂದ. ಮೌಲಾ ಎರಡೂ ಕಡೆ ಕೂಡಿಸಿದ. ಜ್ಯೋತಿ ಹೇಳಿದಂತೆ ಅವಳ ಕಣ್ಣ ಮುಂದೆ ನಿಲ್ಲಿಸಲು ಗಾಡಿಯನ್ನು ಟೆಂಪೋಗೆ ಏರಿಸಿದೆವು. ಶರಣು ಡ್ರೈವರನ ಪಕ್ಕದ ಸೀಟಿನ ಬಾಗಿಲಿಗೆ ಕೈ ಹಾಕಿದ. ಆ ಸೀಟಿನಲ್ಲಿ ನಾನು ಕೂತೆ. ಯಡ್ರಾಮಿ ಮುಟ್ಟುವ ತನಕ ಅವನನ್ನು ಹಿಂದೆ, ಬಿಸಿಲಿನಲ್ಲಿ, ಹೆಂಡತಿಯ ಗಾಡಿ ಬೀಳದಂತೆ ಎರಡೂ ಕೈಯಿಂದ ಹಿಡಿದುಕೊಂಡು ನಿಲ್ಲುವಂತೆ ಮಾಡಿದೆ.