ದಾರ ಕಟ್ಟಿದ ಪೆನ್ಸಿಲ್

ಜೂನ್ ೧೬, ಭಾನುವಾರ, ಬೆಳಿಗ್ಗೆ ಏಳು ನಲವತ್ತು. ಬೈಲಹೊಂಗಲದ ನಮ್ಮ ಮನೆಯಲ್ಲಿ, ನನ್ನ ಮೇಜಿನ ಮೇಲೆ, ಹೆಬ್ಬೆರಳುದ್ದದ ಒಂದು ಪೆನ್ಸಿಲ್ ಇದೆ; ಅದರ ಕೊರಳಿಗೆ ಮಾಸಿದ ದಾರ. ಮನೋಳಿಯ ನೀಲವ್ವ ದೊಡ್ಡವ್ವ, ಅಂದರೆ ನನ್ನ ತಾಯಿಯ ಅಕ್ಕ, ತಾನು ಹಾಡು ಬರೆದಿಟ್ಟ ವಹಿಗೆ ಕಟ್ಟಿಕೊಂಡಿದ್ದ ಪೆನ್ಸಿಲ್ ಇದು. ಆ ವಹಿಯ ಫೋಟೊ ತೆಗೆಯುವಾಗ ಮತ್ತೆ ಮತ್ತೆ ಅಡ್ಡ ಬರುತ್ತದೆಂದು ಬಿಚ್ಚಿ ಚೀಲಕ್ಕೆ ಹಾಕಿಕೊಂಡವಳು, ಮರಳಿ ಕೊಡುವುದನ್ನೇ ಮರೆತಿದ್ದೆ.

ಇಂಟರ್ನೆಟ್ಟಿನಲ್ಲಿ ಹೊಸ ಆ್ಯಪ್ ಸಿಕ್ಕರೆ ದಿನಾಂಕ ಹಾಕಿ ಡೈರಿಯಲ್ಲಿ ಬರೆದಿಡುವುದು ನನ್ನ ಚಟ. ಪಟ್ಟಿಯಲ್ಲಿ ಹತ್ತೊಂಬತ್ತನೆಯದು, ಹಳೆಯ ಪುಸ್ತಕವನ್ನು ಫೋನಿನಲ್ಲಿ ಓದುವಂತೆ ಮಾಡುವ ಆ್ಯಪ್: ಪುಟದ ಫೋಟೊ ತೆಗೆದರೆ ಸಾಕು, ಎಣ್ಣೆಯ ಕಲೆ, ಮಡಿಕೆ, ಹಳದಿ ಎಲ್ಲವನ್ನೂ ಅಳಿಸಿ, ಹಾಲಿನಂಥ ಹಾಳೆಯ ಮೇಲೆ ಮಸಿಯ ಅಕ್ಷರಗಳನ್ನಷ್ಟೇ ಉಳಿಸಿಕೊಡುತ್ತದೆ. ಮಾರ್ಚ್ ತಿಂಗಳಲ್ಲಿ ಮನೋಳಿಗೆ ಹೋದಾಗ ಮದುವೆ, ಬಸುರಿಯ ಕುಬಸ, ತೊಟ್ಟಿಲ ಹಾಡುಗಳ ಆ ವಹಿಯನ್ನು ಒಂದೇ ಮಧ್ಯಾಹ್ನದಲ್ಲಿ ಫೋನಿಗೆ ಇಳಿಸಿದೆ. ಮೂಲ ಫೋಟೊಗಳನ್ನು ಇಟ್ಟುಕೊಳ್ಳಲೇ ಎಂದು ಆ್ಯಪ್ ಕೇಳಿತು; ಜಾಗ ಉಳಿಯಲೆಂದು ಬೇಡವೆಂದೆ. ಅಂದಿನ ಡೈರಿಯಲ್ಲಿ ಹೀಗಿದೆ: ಹಾಡು ೬೧, ಪುಟ ೧೦೪, ತಪ್ಪಿದ್ದು ೦.

ಆ ಸೊನ್ನೆಯನ್ನು ಈಗ ಕಣ್ಣೆತ್ತಿ ನೋಡಲಾರೆ.

"ಇನ್ನ ವಹಿ ಹರದರೂ ಚಿಂತಿಲ್ಲ ದೊಡ್ಡವ್ವ, ಎಲ್ಲಾ ಫೋನಿನ್ಯಾಗ ಅದಾವ," ಎಂದವಳು ನಾನೇ. ಅವಳು ನಂಬಿದಳು. ಹೊಲಿಗೆ ಬಿಚ್ಚಿದ ಹಾಳೆಗಳಲ್ಲಿ ದೇವರ ಹೆಸರಿತ್ತು. ಅವು ಯಾರದೋ ಕಾಲಡಿಗೆ ಬೀಳಬಾರದೆಂದು ವಹಿಗೆ ಅರಿಷಿಣ ಕುಂಕುಮ ಹಚ್ಚಿ ಮಲಪ್ರಭೆಗೆ ಬಿಟ್ಟು ಬಂದಳು.

ಕಳೆದ ಭಾನುವಾರ ಅವಳ ಪಕ್ಕದ ಮನೆಯ ಮದುಮಗಳಿಗೆ ಅರಿಷಿಣ ಹಚ್ಚುವ ದಿನ. ದೊಡ್ಡವ್ವನದೊಂದು ರೂಢಿಯಿದೆ: ಹಾಡನ್ನು ತನಗೆ ಕಲಿಸಿದವಳ ಹೆಸರು ಹೇಳಿಯೇ ಬಾಯಿ ತೆರೆಯುವುದು. ಹಾಡುಗಳೆಲ್ಲ ಅವಳ ನಾಲಗೆಯ ಮೇಲಿವೆ. ಮರೆತುಹೋದಾವೆಂದು ಹೆಸರುಗಳನ್ನು ಮಾತ್ರ ಪ್ರತಿ ಹಾಡಿನ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಬರೆದಿಟ್ಟಿದ್ದಳು. ಅಂದು ನಾನೂ ಹೋಗಿದ್ದೆ; ವಹಿಯ ಬದಲು ನನ್ನ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದುಕೊಂಡಳು.

"ಬಾಜೂಕ ಬರದಿದ್ದ ಹೆಸರ ಎಲ್ಲಿ ಅದಾವ, ಮಗಳ?"

ನಾನು ಎರಡು ಬೆರಳಿನಿಂದ ಪುಟವನ್ನು ಹಿಗ್ಗಿಸಿದೆ. ಹಿಗ್ಗಿದ್ದು ಬಿಳುಪು ಮಾತ್ರ. "ಆ್ಯಪ್ ಹೊಲಸ ತಗದೈತಿ ದೊಡ್ಡವ್ವ. ಅದರ ಕೂಡ ಪೆನ್ಸಿಲ್ಲಿಂದೂ ಹೋಗೈತಿ."

"ನನ್ನ ಗೆಳತ್ಯಾರು ಹೊಲಸ ಆದ್ರೇನ ಅದಕ್ಕ?" ಎಂದು ನಕ್ಕಳು, ಸುತ್ತಲಿದ್ದ ಹೆಂಗಸರೂ ನಕ್ಕರು. ಆಮೇಲೆ, "ನೀವ ಹಾಡ್ರಿ, ನನ್ನ ಗಂಟಲ ಕಟ್ಟೈತಿ," ಎಂದು ಸುಳ್ಳು ಹೇಳಿ ಗೋಡೆಗೆ ಒರಗಿದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಯಂತ್ರವನ್ನು ದೂರುವ ಹಕ್ಕು ನನಗಿಲ್ಲ, ಸ್ನೇಹಿತರೇ. ಮಸುಕಾದದ್ದೆಲ್ಲ ಕೊಳೆಯೆಂದು ಅದಕ್ಕೆ ಯಾರೋ ಕಲಿಸಿದ್ದಾರೆ. ನನಗೆ ಹಾಗೆ ಯಾರೂ ಕಲಿಸಿರಲಿಲ್ಲ. ನೂರಾ ನಾಲ್ಕು ಪುಟಗಳನ್ನು ಕೈಯಾರೆ ತಿರುವಿದವಳು ಒಂದನ್ನಾದರೂ ಓದಿದ್ದರೆ ಆ ಹೆಸರುಗಳು ಕಣ್ಣಿಗೆ ಬೀಳುತ್ತಿದ್ದವು. ಫೋನಿನಲ್ಲಿರುವ ಪುಸ್ತಕಗಳೆಷ್ಟು ಎಂಬ ಅಂಕಣ ನನ್ನ ಡೈರಿಯಲ್ಲಿದೆ, ಓದಿದ್ದೆಷ್ಟು ಎಂಬುದಕ್ಕೆ ಅಂಕಣದ ಗೆರೆಯನ್ನೇ ಎಳೆದಿಲ್ಲ. ಎಣಿಸುವುದನ್ನೇ ಜೋಪಾನ ಮಾಡುವುದೆಂದು ತಿಳಿದುಕೊಂಡಿದ್ದೆ.

ನಿನ್ನೆ ಮತ್ತೆ ಹೋಗಿ ಪೆನ್ಸಿಲ್ಲನ್ನು ಅವಳ ಮುಂದಿಟ್ಟೆ. ದಾರವನ್ನು ಸ್ವಲ್ಪ ಹೊತ್ತು ಬೆರಳಿಗೆ ಸುತ್ತಿಕೊಂಡು ಕುಳಿತಿದ್ದು, ನನಗೇ ತಿರುಗಿ ಕೊಟ್ಟಳು. "ನೀನ ಬರಿ. ನಾ ನೆನಸಕೋತ ಹೇಳತೇನಿ." ಸಂಜೆಯ ಬಸ್ಸಿನವರೆಗೆ ಮೂವತ್ತೆಂಟು ಹೆಸರು ಬಂದವು, ಕೊನೆಯದು ಟಾಂಗಾ ಹೊಡೆಯುವವರ ಮನೆಯ ಹಸೀನಾಬಿ. ಅವಳ ಹೆಸರು ಸಿಕ್ಕಿದ್ದೇ ತಡ, ದೊಡ್ಡವ್ವ ಅವಳು ಕಲಿಸಿದ ಹಾಡನ್ನು ಪೂರ್ತಿ ಹಾಡಿದಳು. ಇನ್ನೂ ಇಪ್ಪತ್ಮೂರು ಹಾಡುಗಳು ಅವಳ ಬಾಯೊಳಗೇ ನಿಂತಿವೆ.

ಮನೋಳಿ, ಕಟಕೋಳದ ಸುತ್ತಲಿನವರು ಇದನ್ನು ಓದುತ್ತಿದ್ದರೆ, ಮನೆಯ ಹಿರಿಯ ಹೆಂಗಸರನ್ನು ಒಮ್ಮೆ ಕೇಳಿ ನೋಡಿ: ನೀಲವ್ವ ಎಂಬ ಹುಡುಗಿಗೆ ಎಂದಾದರೂ ಒಂದು ಹಾಡು ಕಲಿಸಿದ್ದಿರಾ ಎಂದು. ಹೌದೆಂದರೆ ಅವರ ಹೆಸರನ್ನು ನನಗೆ ಬರೆದು ತಿಳಿಸಿ. ಪೆನ್ಸಿಲ್ಲನ್ನು ಹೆರೆದು ಇಟ್ಟುಕೊಂಡಿದ್ದೇನೆ.