ಪಡ್ಡಿನ ಹಂಚಿನಲ್ಲಿ ಹನ್ನೆರಡು ವಾಲ್ವು

ನಮ್ಮ ಮನೆಯಲ್ಲಿ ಪಡ್ಡು ಮಾಡದೆ ನಾಲ್ಕು ತಿಂಗಳಾಗಿತ್ತು. ಅದಕ್ಕೆ ಕಾರಣ ನಾನು ಎಂಬುದು ನನ್ನೊಬ್ಬನಿಗೇ ಗೊತ್ತಿತ್ತು. ನನ್ನ ಹೆಂಡತಿ ಶಾಂತಾ ತನ್ನ ಹನ್ನೆರಡು ಕುಳಿಯ ಕಬ್ಬಿಣದ ಹಂಚನ್ನು ಹುಡುಕಿ ಹುಡುಕಿ ಸಾಕಾಗಿ, ಕೊನೆಗೆ ಸಾಲಗುಂದದಲ್ಲಿರುವ ತನ್ನ ತಂಗಿಯ ಮೇಲೆ ಅನುಮಾನ ಪಟ್ಟಳು. ಅಕ್ಕತಂಗಿಯರ ಮಾತು ಫೋನಿನಲ್ಲಿ ಬಿರುಸಾದಾಗಲೂ ನಾನು ಪೇಪರಿನಿಂದ ಮುಖ ಎತ್ತಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ನಿಜ ಹೇಳಿರಪ್ಪಾ ಎಂದು ಬುದ್ಧಿ ಹೇಳಿದ ಮಾಸ್ತರ ನಾನು. ಆದರೆ ನಿಜ ಹೇಳಿದರೆ ಹಂಚು ವಾಪಸು ಕೊಡಬೇಕಾಗುತ್ತಿತ್ತು. ಅದು ಹಿತ್ತಲಿನ ತಗಡಿನ ಶೆಡ್ಡಿನಲ್ಲಿತ್ತು. ಅದರ ಹನ್ನೆರಡು ಕುಳಿಗಳಲ್ಲಿ ಲಾರಿ ಇಂಜಿನ್ನಿನ ಹನ್ನೆರಡು ವಾಲ್ವುಗಳು ತಲೆ ಕೆಳಗೆ, ಕಾಲು ಮೇಲೆ ಮಾಡಿ ಸಾಲಾಗಿ ಕೂತಿದ್ದವು.

ಲಾರಿ ನಮ್ಮಪ್ಪನದು. ಅಪ್ಪ ನೆಲ್ಲಿನ ವ್ಯಾಪಾರ ಮಾಡುತ್ತಿದ್ದರು. ಗೊರೇಬಾಳದ ಗದ್ದೆಗಳಿಂದ ಸಿಂಧನೂರಿನ ಮಿಲ್ಲುಗಳಿಗೆ ಎಷ್ಟು ಚೀಲ ನೆಲ್ಲು ಹೊತ್ತಿತ್ತೋ ಆ ಲಾರಿಗೇ ಗೊತ್ತು. ವ್ಯಾಪಾರ ನಿಂತ ಮೇಲೆ ಅದು ನಮ್ಮ ಹಿತ್ತಲಿನ ಬೇವಿನ ಮರದ ಕೆಳಗೆ ಬಂದು ನಿಂತಿತು, ನಿಂತೇ ಇತ್ತು. ಶಾಂತಾ ಅದರ ಬಾನೆಟ್ಟಿನ ಮೇಲೆ ಸಂಡಿಗೆ ಒಣಗಿಸುತ್ತಿದ್ದಳು. ಕ್ಯಾಬಿನ್ನಿನಲ್ಲಿ ಬೆಕ್ಕೊಂದು ಮೂರು ಸಲ ಮರಿ ಹಾಕಿತ್ತು. ಒಟ್ಟಿನಲ್ಲಿ ಅದು ಲಾರಿಯಾಗಿ ನಿವೃತ್ತಿಯಾದರೂ ಮನೆಯ ಸದಸ್ಯನಾಗಿ ಸೇವೆಯಲ್ಲಿತ್ತು, ಹೆಚ್ಚುಕಡಿಮೆ ನನ್ನ ಹಾಗೆಯೇ.

ಅದನ್ನು ಓಡಿಸುತ್ತಿದ್ದವರು ಮಸ್ಕಿಯ ಕಾಸೀಂಸಾಬ್. ನನಗೆ ಕಾಸೀಂ ಕಾಕಾ. ನಾನು ಚಿಕ್ಕವನಿದ್ದಾಗ ನನ್ನನ್ನು ಎತ್ತಿ ಕ್ಯಾಬಿನ್ನಿನಲ್ಲಿ ಕೂರಿಸಿ ಹಾರ್ನ್ ಹೊಡೆಯಲು ಬಿಟ್ಟವರು. ಅವರ ಕಾಲದ ಡ್ರೈವರನಿಗೆ ಸ್ಟೇರಿಂಗ್ ತಿರುಗಿಸಿದರೆ ಸಾಲುತ್ತಿರಲಿಲ್ಲ, ದಾರಿಯಲ್ಲಿ ಇಂಜಿನ್ ಬಿಚ್ಚಿ ಕಟ್ಟಲೂ ಬರಬೇಕಿತ್ತು. ಈಗ ಅವರಿಗೆ ಎಂಬತ್ತು ಸಮೀಪಿಸಿದೆ, ಕೈ ನಡುಗುತ್ತದೆ. ಹೋದ ವರ್ಷ ನಮ್ಮ ಮನೆಗೆ ಬಂದವರು ಚಹಾ ಕುಡಿದು, ಬೇವಿನ ಕೆಳಗೆ ಹೋಗಿ ಲಾರಿಯ ಮಡ್ಗಾರ್ಡ್ ಸವರುತ್ತ ಬಹಳ ಹೊತ್ತು ನಿಂತರು.

"ಮಲ್ಲಪ್ಪಾ, ಕಿವಿ ಬಾಗಿಲ ಹಾಕ್ಕೊಳ್ಳಾಕತ್ತಾವ" ಅಂದರು. "ಮೊದಲ ಗುಬ್ಬಿ ದನಿ ಹೋತು. ಆಮ್ಯಾಲ ಮಮ್ಮಕ್ಕಳ ಮಾತು ಹೋತು. ಪೂರಾ ಬಂದ್ ಆಗೂದ್ರೊಳಗ ಈಕಿ ಆವಾಜ್ ಒಂದ್ಸಲ ಕೇಳಬೇಕಂತ ಆಸಿ ಐತಿ ನೋಡು."

ಅವರ ಮಗ ಕಿವಿಗೆ ಮಿಷನ್ ಕೊಡಿಸಿದ್ದ. ಕಾಕಾ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದರು. "ಅದನ್ನ ಹಾಕ್ಕೊಂಡ್ರ ಸೊಸಿ ಪಾತ್ರಿ ತಿಕ್ಕೂದೊಂದ ಕೇಳ್ತೈತಿ. ಅದಕ್ಕ ಯಾಕ ಮಿಷನ್ನು?" ಎಂಬುದು ಅವರ ವಾದ.

ಆ ಹೊತ್ತಿನಲ್ಲಿ ಸುಮ್ಮನೆ ತಲೆಯಾಡಿಸಿ ಇನ್ನೊಂದು ಕಪ್ ಚಹಾ ತರಿಸಿದ್ದರೆ ಆಗುತ್ತಿತ್ತು. ಆದರೆ ನನ್ನ ಬಾಯಿ ನನ್ನ ಮಾತು ಕೇಳುವುದು ಕಡಿಮೆ. "ಇಂಜಿನ್ ಬಿಚ್ಚಿ ನಾ ಕಟ್ತೀನಿ ಕಾಕಾ, ಇಲ್ಲೇ, ಮನ್ಯಾಗ" ಅಂದುಬಿಟ್ಟೆ. ಕಾಕಾಗೆ ಅದು ಕೇಳಿಸಲಿಲ್ಲ. ಹಾಗಾಗಿ ಇನ್ನೊಮ್ಮೆ ಕೂಗಿ ಹೇಳಿದೆ. ಅಡುಗೆಮನೆಯಲ್ಲಿದ್ದ ಶಾಂತಾಗೂ ಕೇಳಿಸಿತು, ಪಕ್ಕದ ಮನೆಯವರಿಗೂ ಕೇಳಿಸಿತು. ಆಡಿದ ಮಾತಿಗೆ ಇಷ್ಟು ಜನ ಸಾಕ್ಷಿ ಇದ್ದಾಗ ಹಿಂದೆ ಸರಿಯುವುದು ಹೇಗೆ?

ನನಗೂ ಸ್ವಲ್ಪ ಸೊಕ್ಕಿತ್ತೆನ್ನಿ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ಇಂಜಿನ್ನಿನ ಚಿತ್ರವನ್ನು ಬಣ್ಣದ ಸೀಮೆಸುಣ್ಣದಲ್ಲಿ ನಾನು ಬಿಡಿಸುತ್ತಿದ್ದರೆ ಇನ್‌ಸ್ಪೆಕ್ಟರರೂ ನಿಂತು ನೋಡುತ್ತಿದ್ದರು. ಗಾಳಿ ಎಳೆದುಕೋ, ಒತ್ತು, ಉರಿಸು, ಹೊಗೆ ಬಿಡು: ನಾಲ್ಕೇ ಹೆಜ್ಜೆ, ನಾಲ್ಕು ಬಾಣದ ಗುರುತು. ಕರಿಹಲಗೆಯ ಆ ಇಂಜಿನ್ ಒಂದು ದಿನವೂ ಕೆಟ್ಟದ್ದಿಲ್ಲ. ಜನ ಹಿಡಿಸಿ ಲಾರಿಯಿಂದ ಶೆಡ್ಡಿಗೆ ಇಳಿಸಿದ ನಿಜವಾದ ಇಂಜಿನ್ ಬಿಚ್ಚಿದಾಗ ತಿಳಿಯಿತು, ನಾನು ಮೂವತ್ತು ವರ್ಷ ಕಲಿಸಿದ್ದರಲ್ಲಿ ಒಂದೇ ಒಂದು ನಟ್ಟೂ ಇರಲಿಲ್ಲ. ಮೊದಲನೆಯ ನಟ್ಟು ತೆಗೆಯುವುದಕ್ಕೇ ನನಗೆ ಎರಡು ದಿನ ಹಿಡಿಯಿತು. ಆಮೇಲೆ ನೋಡಿದರೆ ಅಷ್ಟೂ ಹೊತ್ತು ಅದನ್ನು ಬಿಗಿ ಮಾಡುತ್ತಿದ್ದೆ.

ಕಾಕಾ ಪ್ರತಿ ಐತವಾರ ಮಸ್ಕಿಯಿಂದ ಬೆಳಗಿನ ಬಸ್ಸಿಗೆ ಬರತೊಡಗಿದರು. ಕುರ್ಚಿ ಹಾಕಿಕೊಂಡು ಕೂತು ಬೆರಳು ತೋರಿಸುವುದು ಅವರ ಕೆಲಸ, ಬಯ್ಯಿಸಿಕೊಳ್ಳುತ್ತ ಬಿಚ್ಚುವುದು ನನ್ನದು. ಈ ವಯಸ್ಸಿನಲ್ಲಿ ವಿದ್ಯಾರ್ಥಿಯಾಗುವ ಸುಖವೇ ಬೇರೆ. ಶೆಡ್ಡಿನ ಭಾಷೆಯೂ ನನಗೆ ಹೊಸ ಪಾಠವಾಯಿತು. ಇಂಜಿನ್ನಿನ ಒಳಗಿರುವುದೆಲ್ಲ ಇಂಗ್ಲಿಷ್: ಪಿಸ್ಟನ್, ಲೈನರ್, ಕ್ರ್ಯಾಂಕು. ಅದನ್ನು ಬಿಚ್ಚುವ ಸಾಮಾನೆಲ್ಲ ಉರ್ದು: ನಟ್ಟು ತಿರುಗಿಸುವುದಕ್ಕೆ ಪಾನಾ, ತಿರುಪು ತೆಗೆಯುವುದಕ್ಕೆ ಪೇಚಕಸ್, ಬಡಿಯುವುದಕ್ಕೆ ಹತೋಡಿ. ಪಾನಾ ಜಾರಿ ಬೆರಳು ಜಜ್ಜಿದಾಗ ಬಾಯಿಂದ ಬರುವುದು ಮಾತ್ರ ಅಚ್ಚ ಕನ್ನಡ. ನಮ್ಮ ಭಾಗದ ಇತಿಹಾಸವನ್ನು ಯಾರಾದರೂ ಬರೆಯುವುದಾದರೆ ಒಂದು ವಾರ ಗ್ಯಾರೇಜಿನಲ್ಲಿ ಕೂತರೆ ಸಾಕು.

ಕ್ರ್ಯಾಂಕು ಎಂಬ ಉದ್ದನೆಯ, ಸೊಟ್ಟ ಸೊಟ್ಟ ತಿರುವಿನ ಭಾರದ ದಂಡವನ್ನು ಸಾಣೆ ಹಿಡಿಸಬೇಕಾಗಿತ್ತು. ಕಾಕಾಗೆ ನಂಬಿಕೆಯಿದ್ದ ಲೇಥು ಇರುವುದು ಲಿಂಗಸುಗೂರಿನಲ್ಲಿ. ನುಣುಪು ಜಾಗಗಳಿಗೆ ಪೆಟ್ಟು ಬೀಳಬಾರದೆಂದು ಅದನ್ನು ಶಾಂತಾಳ ಹಳೆಯ ಕೌದಿಯಲ್ಲಿ ಸುತ್ತಿ, ಸಾಮಾನಿನ ಆಟೋದಲ್ಲಿ ಮಲಗಿಸಿ, ಉರುಳದಂತೆ ಮೈಮೇಲೆ ಕೈ ಇಟ್ಟುಕೊಂಡು ಪಕ್ಕದಲ್ಲಿ ಕೂತು ಹೊರಟೆ. ಮಸ್ಕಿಯಲ್ಲಿ ಚಹಾಕ್ಕೆಂದು ಆಟೋ ನಿಲ್ಲಿಸಿದಾಗ ಹಣೆತುಂಬ ವಿಭೂತಿ ಧರಿಸಿದ್ದ ಅಜ್ಜಿಯೊಬ್ಬಳು ಹತ್ತಿರ ಬಂದು ಕೌದಿಯನ್ನೂ ನನ್ನ ಮುಖವನ್ನೂ ನೋಡಿದಳು.

"ಎಷ್ಟು ದಿನದಿಂದ ಹಿಂಗ ಮಲಗ್ಯಾರ ಯಪ್ಪಾ?" ಅಂದಳು.

"ಹದಿನಾಕು ವರ್ಷ ಆತು ಬೇ" ಅಂದೆ ನಾನು, ಲಾರಿಯ ಧ್ಯಾನದಲ್ಲಿ.

ಅಜ್ಜಿ "ಶಿವಾ ಶಿವಾ" ಎಂದು ಸೊಂಟದ ಸಂಚಿಯಿಂದ ವಿಭೂತಿ ತೆಗೆದು ನನ್ನ ಅಂಗೈಗೆ ಹಾಕಿದಳು. "ಹಣಿಗಿ ಹಚ್ಚು. ಎದ್ದು ಓಡಾಡ್ತಾರ." ನಿಜ ಹೇಳುವಷ್ಟರಲ್ಲಿ ಅವಳು ಹೊರಟುಹೋಗಿದ್ದಳು. ಕೊಟ್ಟ ವಿಭೂತಿಯನ್ನು ಚೆಲ್ಲಲಾದೀತೇ? ಕೌದಿ ಸರಿಸಿ ಕ್ರ್ಯಾಂಕಿನ ಒಂದು ತುದಿಯನ್ನೇ ಹಣೆಯೆಂದು ತಿಳಿದು ಹಚ್ಚಿದೆ. ಲೇಥಿನವನು ಅದನ್ನು ನೋಡಿ ಏನೂ ಕೇಳಲಿಲ್ಲ. ಬಹುಶಃ ನನ್ನಂಥವರು ಬಹಳ ಜನ ಬರುತ್ತಾರೆ.

ಇನ್ನು ವಾಲ್ವುಗಳ ವಿಷಯ. ಗಾಳಿ ಒಳಗೆ ಬರಲೊಂದು, ಹೊಗೆ ಹೊರಗೆ ಹೋಗಲೊಂದು, ಹೀಗೆ ಆರು ಸಿಲಿಂಡರಿಗೆ ಹನ್ನೆರಡು ಬಾಗಿಲು. ಒಂದೊಂದನ್ನೂ ಅದು ಕೂರುವ ಜಾಗದಲ್ಲೇ ಇಟ್ಟು, ಮಸಾಲೆ ಎನ್ನುವ ತರಿತರಿ ಪೇಸ್ಟು ಹಚ್ಚಿ, ಮಜ್ಜಿಗೆ ಕಡೆದಂತೆ ಎರಡೂ ಅಂಗೈ ನಡುವೆ ಹಿಡಿದು ಗಂಟೆಗಟ್ಟಲೆ ತಿರುವಿ ಅರೆಯಬೇಕು. ಹಾಗೆ ಅರೆದದ್ದು ಆ ಜಾಗಕ್ಕೆ ಮಾತ್ರ ಗಾಳಿ ಆಡದಂತೆ ಕೂರುತ್ತದೆ. ನೋಡಲು ಒಂದೇ ತರಹ ಇದ್ದರೂ ಪಕ್ಕದ ಮನೆಗೆ ಹೊಂದುವುದಿಲ್ಲ. ಆದ್ದರಿಂದ ಸಾಲು ತಪ್ಪದಂತೆ ಇಡಬೇಕು. ಹನ್ನೆರಡು ಗೂಡಿರುವ ವಸ್ತು ಮನೆಯಲ್ಲಿ ಏನಿದೆ ಎಂದು ನೋಡಿದಾಗ ಪಡ್ಡಿನ ಹಂಚು ಕಣ್ಣಿಗೆ ಬಿತ್ತು. ಅಳತೆ ಮಾಡಿಸಿದಂತೆ ಕೂತವು. ನನ್ನ ಜಾಣತನಕ್ಕೆ ನಾನೇ ಮೆಚ್ಚಿದೆ. ಮೂರು ವಾರ ಅರೆದು ಮುಗಿಸಿದಾಗ ನನ್ನ ಅಂಗೈಯ ರೇಖೆಗಳೇ ಸವೆದಂತಿದ್ದವು.

ಸಿಕ್ಕಿಬಿದ್ದದ್ದು ಒಂದು ಶನಿವಾರ. ನಾನು ಪೇಟೆಗೆ ಹೋಗಿದ್ದೆ. ಶಾಂತಾ ಬೆಕ್ಕಿನ ಮರಿ ಹುಡುಕಿಕೊಂಡು ಶೆಡ್ಡಿಗೆ ಹೋದಳು. ನಾನು ಮನೆಗೆ ಬಂದಾಗ ಅವಳು ಹಂಚನ್ನು ಬೂದಿ, ಹುಣಸೆಹಣ್ಣು ಹಾಕಿ ಮೂರನೆಯ ಸಲ ತಿಕ್ಕುತ್ತಿದ್ದಳು.

"ನನ್ನ ತಂಗೀನ್ನ ಕಳ್ಳಿ ಮಾಡಿದ್ರೆಲ್ರೀ ನೀವು!" ಅಂದಳು. "ನಾಕು ತಿಂಗಳಾತು, ಅಕಿ ನನ್ನ ಕೂಡ ಮಾತಾಡಿಲ್ಲ."

ನನ್ನ ಕಣ್ಣು ಹಂಚಿನ ಮೇಲಿರಲಿಲ್ಲ, ಪಕ್ಕದ ಬುಟ್ಟಿಯ ಮೇಲಿತ್ತು. ಹನ್ನೆರಡೂ ವಾಲ್ವು ಸೋಪಿನಲ್ಲಿ ಮಿಂದು, ಒರೆಸಿಕೊಂಡು, ಒಂದೊಂದೂ ಮೂರೆಳೆ ವಿಭೂತಿ ಧರಿಸಿ ರಾಶಿಯಾಗಿ ಬಿದ್ದಿದ್ದವು. ಕಬ್ಬಿಣದ ಸಾಮಾನು ತೊಳೆದರೆ ವಿಭೂತಿ ಹಚ್ಚದೆ ಇಡಬಾರದೆಂಬುದು ಅವಳ ತವರಿನ ಪದ್ಧತಿ. "ಎಲ್ಲಾ ಒಂದ ನಮೂನಿ ಅದಾವಲ್ಲ, ಯಾವುದು ಎಲ್ಲಿದ್ರೇನು? ನಾಳಿ ಕಾಕಾರು ಬರ್ತಾರ, ಅವರಿಗೆ ಪಡ್ಡಂದ್ರ ಜೀವ" ಅಂದಳು. ತಪ್ಪು ನನ್ನದೇ. ಕೂಗಾಡುವ ಹಕ್ಕನ್ನು ನಾಲ್ಕು ತಿಂಗಳ ಹಿಂದೆಯೇ ಕಳೆದುಕೊಂಡಿದ್ದೆ.

ಸರಿಯಾದ ದಾರಿಯೆಂದರೆ ಹನ್ನೆರಡನ್ನೂ ಮತ್ತೆ ಅರೆಯುವುದು. ಆದರೆ ಅದಕ್ಕೆ ಮತ್ತೆ ಮೂರು ವಾರ ಬೇಕು. ಅಷ್ಟರಲ್ಲಿ ಕಾಕಾರ ಕಿವಿಯಲ್ಲಿ ಎಷ್ಟು ಉಳಿದಿರುತ್ತದೋ? ಹಿಂದಿನ ಐತವಾರ ಬೆನ್ನ ಹಿಂದೆಯೇ ಹಾರ್ನ್ ಹೊಡೆದ ಆಟೋಕ್ಕೂ ಅವರು ತಿರುಗಿ ನೋಡಿರಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ಮತ್ತೆ ಅರೆಯದೆ ಅವತ್ತೇ ರಾತ್ರಿ ಕೂರಿಸಿಬಿಟ್ಟೆ: ಗುರುತು ಹಿಡಿದು ಎಂಟು, ಅಂದಾಜಿನ ಮೇಲೆ ನಾಲ್ಕು. ಐತವಾರ ಕಾಕಾ ಬಂದವರೇ, "ಎಲ್ಲಾವೂ ತಮ್ಮ ತಮ್ಮ ಮನ್ಯಾಗ ಕುಂತಾವಿಲ್ಲೋ?" ಎಂದು ಕೇಳಿದರು. "ಕುಂತಾವ ಕಾಕಾ" ಅಂದೆ. ಅವರು "ಆಂ?" ಅಂದರು. ಕಿವಿ ಮಂದವಾದವರಿಗೆ ಸುಳ್ಳು ಹೇಳುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಇಡೀ ಓಣಿಗೆ ಕೇಳುವಂತೆ ಮೂರು ಸಲ ಕೂಗಿ ಹೇಳಬೇಕಾಯಿತು. ಶಾಂತಾ ಪಡ್ಡಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದಳು.

ಮತ್ತೆರಡು ಐತವಾರ ಕಳೆದು ಇಂಜಿನ್ ತನ್ನ ಜಾಗದಲ್ಲಿ ಕೂತಿತು. ಹತ್ತಿರದ ಆರ್.ಎಚ್. ಕ್ಯಾಂಪ್ ಎಂಬ ಊರಿನ ಗೆಳೆಯರೊಬ್ಬರು ಬ್ಯಾಟರಿಗಳನ್ನು ತಂದುಕೊಟ್ಟರು. ಓಣಿಯ ಹತ್ತು ಜನ ಬೇವಿನ ಕೆಳಗೆ ಸೇರಿದರು. ಶಾಂತಾ ಬೆಕ್ಕನ್ನು ಕ್ಯಾಬಿನ್ನಿನಿಂದ ಇಳಿಸಿ ಕಂಕುಳಲ್ಲಿ ಇಟ್ಟುಕೊಂಡಳು. ನಾನು ಹತ್ತಿ ಸ್ಟಾರ್ಟರ್ ಒತ್ತಿದೆ. ಒಂದು ಸಲ ನರಳಿತು, ಎರಡನೆಯ ಸಲ ಕೆಮ್ಮಿತು, ಮೂರನೆಯ ಸಲ ಕರಿಹೊಗೆ ಉಗುಳಿ ಹಿಡಿದುಕೊಂಡಿತು. ಬೇವಿನ ಮೇಲಿದ್ದ ಕಾಗೆಗಳೆಲ್ಲ ಎದ್ದುಹೋದವು. ಜನ ಚಪ್ಪಾಳೆ ಹೊಡೆದರು. ನನಗೆ ಕಣ್ಣಲ್ಲಿ ನೀರು ಬಂತು, ಹೊಗೆಯಿಂದ ಅಂದುಕೊಳ್ಳಿ.

ಕಾಕಾ ಮಾತ್ರ ಕುರ್ಚಿಯಲ್ಲಿ ಹಾಗೆಯೇ ಕೂತಿದ್ದರು. ನನ್ನ ಮುಖ ನೋಡಿದರು, ಜನರ ಕೈಗಳನ್ನು ನೋಡಿದರು. "ಚಾಲೂ ಆತೇನು?" ಎಂದು ಮೆಲ್ಲಗೆ ಕೇಳಿದರು. ನಾವು ತಡ ಮಾಡಿದ್ದೆವು.

ಶಾಂತಾ ಬೆಕ್ಕನ್ನು ಕೆಳಗೆ ಬಿಟ್ಟು ಮುಖ ತಿರುಗಿಸಿಕೊಂಡಳು. ಅಷ್ಟರಲ್ಲಿ ಕಾಕಾ ಎದ್ದು ಬಂದು, ಸಾಮಾನಿನ ರಾಶಿಯಿಂದ ಕಟ್ಟಿಗೆ ಹಿಡಿಕೆಯ ಉದ್ದನೆಯ ಪೇಚಕಸ್ ಆರಿಸಿಕೊಂಡರು. ಅದರ ತುದಿಯನ್ನು ಇಂಜಿನ್ನಿನ ಮೈಗೆ ಒತ್ತಿದರು. ಹಿಡಿಕೆಯನ್ನು ಹಲ್ಲಿನಲ್ಲಿ ಕಚ್ಚಿದರು. ಕಣ್ಣು ಮುಚ್ಚಿದರು. ಶಬ್ದ ಎಲುಬಿನ ಮೂಲಕವೂ ಒಳಗೆ ಹೋಗುತ್ತದೆ ಎಂದು ನಾನು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿಲ್ಲ! ಹಳೆಯ ಮಿಸ್ತ್ರಿಗಳು ಅದನ್ನು ಬರೆಯದೆ ಬಲ್ಲರು. ಅವರ ಮುಖ ನಿಧಾನವಾಗಿ ಅರಳಿತು. ಒಂದನೆಯ ಸಿಲಿಂಡರಿನ ಮೇಲೆ ತಲೆಯಾಡಿಸಿದರು. ಎರಡನೆಯದಕ್ಕೂ ಆಡಿಸಿದರು. ಮೂರನೆಯದರ ಮೇಲೆ ಹುಬ್ಬು ಗಂಟಿಕ್ಕಿತು. ಆರೂ ಮುಗಿಸಿ ಪೇಚಕಸ್ ಬಾಯಿಂದ ತೆಗೆದರು.

"ಮೂರನೇದಕ್ಕ ದಮ್ಮು ಸಾಲವಲ್ದು. ಯಾರದೋ ಮನ್ಯಾಗ ಯಾರೋ ಕುಂತಾರ" ಅಂದರು. ಚೆನ್ನಾಗಿ ಕೇಳುವ ಕಿವಿ ಇದ್ದ ನಾವು ಹತ್ತು ಜನ ಚಪ್ಪಾಳೆ ಹೊಡೆದಿದ್ದೆವು. ನಾನು ಅವರ ಕಿವಿಗೇ ಬಾಯಿ ಹಚ್ಚಿ, ಕೈಸನ್ನೆಯನ್ನೂ ಸೇರಿಸಿ, ಹಂಚಿನಿಂದ ಹಿಡಿದು ಬುಟ್ಟಿಯವರೆಗೆ ಎಲ್ಲವನ್ನೂ ಕೂಗಿ ಒಪ್ಪಿಕೊಂಡೆ. ಓಣಿ ಮತ್ತೊಮ್ಮೆ ಕೇಳಿಸಿಕೊಂಡಿತು. ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು. "ಲೇ ಮಾಸ್ತರ, ಅವತ್ತ ಹೇಳಿದ್ರ ನಾ ಏನ್ ಹೊಡೀತಿದ್ನೇನು? ಬಿಚ್ಚು ಮತ್ತ. ಐತವಾರ ಬರ್ತೀನಿ."

"ಈಗ ಬಂದ್ ಮಾಡ್ಲೇನು ಕಾಕಾ?" ಎಂದು ಕೈಸನ್ನೆ ಮಾಡಿದೆ.

"ತಡಿಯೋ, ಇರ್ಲಿ" ಅಂದರು. "ತಪ್ಪಿದ್ರೂ ಅಕಿದ ಆವಾಜ್ ಅದು." ಮತ್ತೆ ಹಿಡಿಕೆ ಕಚ್ಚಿ ಕಣ್ಣು ಮುಚ್ಚಿದರು. ತಂದ ಡೀಸೆಲ್ ಮುಗಿಯುವವರೆಗೂ ನಾವು ಯಾರೂ ಅಲ್ಲಿಂದ ಕದಲಲಿಲ್ಲ.

ಈಗ ಇಂಜಿನ್ ಮತ್ತೆ ಬಿಚ್ಚಿಕೊಂಡು ಕೂತಿದೆ. ಹಂಚು ಮತ್ತೆ ಶೆಡ್ಡಿನಲ್ಲಿದೆ, ಈ ಸಲ ಕೇಳಿ ತಂದದ್ದು. ಒಂದೊಂದು ಕುಳಿಯ ಪಕ್ಕಕ್ಕೂ ಶಾಂತಾ ತಾನೇ ಸುಣ್ಣದಲ್ಲಿ ನಂಬರು ಬರೆದಿದ್ದಾಳೆ. ಸಾಲಗುಂದಕ್ಕೆ ನಾನೇ ಹೋಗಿ ನಾದಿನಿಯ ಮುಂದೆ ತಪ್ಪೊಪ್ಪಿಕೊಂಡು, ಬಯ್ಯಿಸಿಕೊಂಡು, ಅವಳ ಹಂಚನ್ನು ಎರವಲು ತಂದೆ. ಕಾಕಾ ಐತವಾರಗಳಂದು ಬರುತ್ತಾರೆ. ಕಿವಿಯ ಮಿಷನ್ ಇರುತ್ತಿದ್ದ ಜೇಬಿನಲ್ಲಿ ಈಗ ಪೇಚಕಸ್ ಇರುತ್ತದೆ.

ಮೊನ್ನೆ ಶಾಂತಾ ಒಲೆಯ ಮುಂದೆ ಪಡ್ಡು ಹಾಕುತ್ತಿದ್ದಾಗ ಕಾಕಾ ಅಡುಗೆಮನೆಯ ಬಾಗಿಲಿಗೆ ಬಂದು, "ಒಂದೀಟ ಸರಿಯವ್ವಾ" ಎಂದು ಬಗ್ಗಿದರು. ಪೇಚಕಸ್ಸಿನ ತುದಿಯನ್ನು ಸೆರಗಿನಂಚಿನಿಂದ ಒರೆಸಿಕೊಟ್ಟವಳು ಅವಳೇ. ಅದನ್ನು ಹಂಚಿನ ಅಂಚಿಗೆ ತಾಗಿಸಿ, ಹಿಡಿಕೆ ಕಚ್ಚಿ, ಕಣ್ಣು ಮುಚ್ಚಿಕೊಂಡರು. ಹಿಟ್ಟು ಚರ್ ಅನ್ನುವುದು ಕೇಳಿಸಿರಬೇಕು, ಮುಖದ ತುಂಬ ನಗೆ. ಶಾಂತಾ ತಿರುವಿ ಹಾಕಲು ಚಮಚ ಎತ್ತಿದಳು. ಕಾಕಾ ಕೈ ಅಡ್ಡ ಹಿಡಿದರು.

"ತಡಿ ಅವ್ವಾ. ಮೂರನೇದು ಇನ್ನಾ ಬೆಂದಿಲ್ಲ."

ಒಂದೇ ಕಬ್ಬಿಣದ ಹಂಚಿನಲ್ಲಿ ಮೂರನೆಯ ಕುಳಿಯ ಸದ್ದು ಬೇರೆಯಾಗಿ ಕೇಳುವುದು ಸಾಧ್ಯವೇ ಇಲ್ಲ ಎಂದು ವಿಜ್ಞಾನದ ಮಾಸ್ತರನಾಗಿ ನಾನು ಹೇಳಬೇಕೆಂದು ಬಾಯಿ ತೆರೆದೆ. ಶಾಂತಾ ಅಷ್ಟರಲ್ಲಿ ಮೂರನೆಯದನ್ನು ಎತ್ತಿ ನೋಡಿದಳು. ಹಸಿಯಾಗಿತ್ತು.